ಕಿಡ್ನಿ ಕೊಡಲು ಮನೆಯಲ್ಲೇ ನಾಲ್ವರಿದ್ದರೆ: ತಾಯಿ, ತಮ್ಮ, ಅಕ್ಕ, ಹೆಂಡತಿ, ಯಾರನ್ನು ಹೇಗೆ ತೂಗಬೇಕು?

ರಾಯಚೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ, ಯಾವ ಊರಿನ ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ರಕ್ತ ಸಂಬಂಧದೋರ್ದಾದ್ರ ಹೊಂದತೈತಿ, ಹೊರಗಿನೋರ್ದು ಹೊಂದಂಗಿಲ್ಲ." ಈ ಒಂದು ನಂಬಿಕೆಯಿಂದ ಎಷ್ಟೋ ಮನೆಗಳಲ್ಲಿ ಹೆಂಡತಿ ತಾನಾಗಿ ಮುಂದೆ ಬಂದರೂ ಆಕೆಯ ರಕ್ತದ ಗುಂಪನ್ನೂ ನೋಡಿಸುವುದಿಲ್ಲ. ಬಿಪಿ ಮಾತ್ರೆ ನುಂಗುತ್ತಿರುವ ಅರವತ್ತು ದಾಟಿದ ತಾಯಿಯನ್ನು ಬೆಂಗಳೂರಿಗೋ ಹೈದರಾಬಾದಿಗೋ ಕರೆದೊಯ್ಯುತ್ತಾರೆ. ತಿಂಗಳುಗಟ್ಟಲೆ ಓಡಾಡಿದ ಮೇಲೆ "ಇವರದು ಆಗುವುದಿಲ್ಲ" ಅನ್ನಿಸಿಕೊಂಡು ವಾಪಸಾಗುತ್ತಾರೆ. ಅಷ್ಟರಲ್ಲಿ ರೋಗಿಗೆ ನಾಲ್ಕಾರು ಬಾಟಲಿ ರಕ್ತ ಹಾಕಿಸಿಯಾಗಿರುತ್ತದೆ. ಆ ರಕ್ತವೇ ಮುಂದಿನ ದಾನಿಯ ದಾರಿಯನ್ನೂ ಕಟ್ಟಿಹಾಕಬಹುದು. ಅದು ಹೇಗೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಡಯಾಲಿಸಿಸ್‌ಗೆ ಬರುವ ಕುಟುಂಬಗಳ ಜೊತೆ ಕೂತು ಅವರ ರಿಪೋರ್ಟ್ ಬಿಡಿಸಿ ಹೇಳುವ ಕೆಲಸ ನನ್ನದು. ನಾನು ವೈದ್ಯನಲ್ಲ. ಯಾರದು ಆಗುತ್ತದೆ, ಯಾರದು ಬೇಡ ಎಂದು ಕೊನೆಗೆ ಹೇಳಬೇಕಾದವರು ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್. ಆದರೆ ಅವರ ಮುಂದೆ ಹೋಗಿ ಕೂರುವ ಮೊದಲು ಮನೆಯವರೇ ಮಾಡಿಕೊಳ್ಳಬಹುದಾದ ಹೋಲಿಕೆ ಬಹಳಷ್ಟಿದೆ. ನನ್ನ ಅನುಭವದಲ್ಲಿ ನಮ್ಮ ಜನ ಆ ಹೋಲಿಕೆಯನ್ನು ತಲೆಕೆಳಗಾಗಿ ಮಾಡುತ್ತಾರೆ. ಎಚ್‌ಎಲ್‌ಎ ಅಂಕಿಯನ್ನು, ಅಂದರೆ ಟಿಶ್ಯೂ ಮ್ಯಾಚಿಂಗಿನ ಲೆಕ್ಕವನ್ನು, ಮೊದಲು ನೋಡುತ್ತಾರೆ, ದಾನಿಯ ಸ್ವಂತ ಆರೋಗ್ಯವನ್ನು ಕೊನೆಗೆ. ನೋಡಬೇಕಾದದ್ದು ತಿರುಗುಮುರುಗು.

ಹೊಂದಾಣಿಕೆ ಅಂದರೆ ಮೂರು ಬೇರೆ ಬೇರೆ ಪರೀಕ್ಷೆ

ಮೊದಲನೆಯದು ರಕ್ತದ ಗುಂಪು. ಓ ಗುಂಪಿನವರು ಯಾರಿಗೂ ಕೊಡಬಹುದು, ಆದರೆ ಓ ಗುಂಪಿನ ರೋಗಿ ಓ ಇಂದ ಮಾತ್ರ ಪಡೆಯಬೇಕು. ಎ ಗುಂಪಿನ ರೋಗಿಗೆ ಎ ಅಥವಾ ಓ, ಬಿ ಗುಂಪಿನ ರೋಗಿಗೆ ಬಿ ಅಥವಾ ಓ, ಎಬಿ ರೋಗಿಗೆ ಯಾವುದಾದರೂ ಸರಿ. ಪಾಸಿಟಿವ್, ನೆಗೆಟಿವ್ ಅನ್ನುವುದು ಕಿಡ್ನಿಯ ಮಟ್ಟಿಗೆ ಲೆಕ್ಕಕ್ಕಿಲ್ಲ. "ನಂದು ಬಿ ಪಾಸಿಟಿವ್, ಅಣ್ಣಂದು ಬಿ ನೆಗೆಟಿವ್, ಹೊಂದಲ್ಲ" ಎಂದು ಮನೆಯಲ್ಲೇ ತೀರ್ಮಾನಿಸಿ ಸುಮ್ಮನಾದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯದು ಎಚ್‌ಎಲ್‌ಎ, ಜನರ ಬಾಯಲ್ಲಿ 'ಟಿಶ್ಯೂ ಮ್ಯಾಚಿಂಗ್'. ನಮ್ಮ ಜೀವಕೋಶಗಳ ಮೇಲೆ ಕೆಲವು ಗುರುತಿನ ಪ್ರೋಟೀನುಗಳಿವೆ. ಇದು ನನ್ನದು, ಇದು ಹೊರಗಿನದು ಎಂದು ದೇಹದ ರಕ್ಷಣಾ ವ್ಯವಸ್ಥೆ ಗುರುತಿಸುವುದು ಅವುಗಳಿಂದಲೇ. ಇವುಗಳಲ್ಲಿ ಮೊದಲನೆಯದನ್ನು 1958ರಲ್ಲಿ ವಿವರಿಸಿದವರು ಫ್ರಾನ್ಸಿನ ಜಾನ್ ಡೋಸೆ. ಅವರಿಗೆ 1980ರಲ್ಲಿ ನೊಬೆಲ್ ಬಂತು. ಈ ಗುರುತುಗಳ ಜೀನುಗಳು 6ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ. ಕಿಡ್ನಿ ಕಸಿಗೆ ಮುಖ್ಯವಾಗಿ ಎ, ಬಿ, ಡಿಆರ್ ಎಂಬ ಮೂರನ್ನು ನೋಡುತ್ತಾರೆ (ಇವು ರಕ್ತದ ಗುಂಪಿನ ಎ, ಬಿ ಅಲ್ಲ). ಒಂದೊಂದರಲ್ಲೂ ಅಪ್ಪನಿಂದ ಬಂದದ್ದೊಂದು, ಅವ್ವನಿಂದ ಬಂದದ್ದೊಂದು, ಒಟ್ಟು ಆರು. ರಿಪೋರ್ಟಿನಲ್ಲಿ 3/6, 6/6 ಎಂದು ಬರೆಯುವುದು ಈ ಆರರ ಲೆಕ್ಕವನ್ನೇ. ಕೆಲವು ಲ್ಯಾಬುಗಳು ಇನ್ನಷ್ಟು ಗುರುತು ಸೇರಿಸಿ ಹತ್ತು ಅಥವಾ ಹನ್ನೆರಡರಲ್ಲಿ ಲೆಕ್ಕ ಕೊಡುತ್ತವೆ. ಇನ್ನೊಂದು ಎಚ್ಚರಿಕೆ: ಕೆಲವು ರಿಪೋರ್ಟುಗಳಲ್ಲಿ ಇರುವುದು 'ಮ್ಯಾಚ್' ಅಲ್ಲ, 'ಮಿಸ್‌ಮ್ಯಾಚ್'. ಅಲ್ಲಿ ಸೊನ್ನೆ ಎಂದರೆ ಅತ್ಯುತ್ತಮ. ಸೊನ್ನೆ ನೋಡಿ ಎದೆ ಒಡೆದುಕೊಂಡು ಫೋನ್ ಮಾಡಿದವರಿಗೆ ನಾನು ಒಳ್ಳೆಯ ಸುದ್ದಿ ಹೇಳಿದ್ದೂ ಉಂಟು.

ಮೂರನೆಯದು ಕ್ರಾಸ್‌ಮ್ಯಾಚ್. ದಾನಿಯ ಬಿಳಿ ರಕ್ತಕಣಗಳನ್ನು ರೋಗಿಯ ಸೀರಂ (ರಕ್ತದ ತಿಳಿದ್ರವ) ಜೊತೆ ಸೇರಿಸಿ, ಆ ಕಣಗಳ ಮೇಲೆ ಎರಗುವ ಆಂಟಿಬಾಡಿ ರೋಗಿಯಲ್ಲಿ ಈಗಾಗಲೇ ಇವೆಯೇ ಎಂದು ನೋಡುತ್ತಾರೆ. ಕಣಗಳು ಸತ್ತರೆ ಪಾಸಿಟಿವ್. ಇಲ್ಲಿ ಪಾಸಿಟಿವ್ ಕೆಟ್ಟದ್ದು, ನೆಗೆಟಿವ್ ಒಳ್ಳೆಯದು. ಈ ಪರೀಕ್ಷೆಯ ಬೆಲೆ ಏನೆಂದು ಜಗತ್ತಿಗೆ ಗೊತ್ತಾದದ್ದು 1969ರಲ್ಲಿ, ಸಂಶೋಧಕರಾದ ಪಟೇಲ್ ಮತ್ತು ತೆರಾಸಾಕಿ ಪ್ರಕಟಿಸಿದ ಲೆಕ್ಕದಿಂದ. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದ 30 ಕಸಿಗಳಲ್ಲಿ 24 ಕೂಡಲೇ ವಿಫಲವಾಗಿದ್ದವು. ನೆಗೆಟಿವ್ ಇದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ಅಲ್ಲಿಂದ ಈಚೆಗೆ ಕ್ರಾಸ್‌ಮ್ಯಾಚ್ ಮಾಡದೆ ಯಾರೂ ಕಿಡ್ನಿ ಕಸಿಗೆ ಕೈಹಾಕುವುದಿಲ್ಲ.

ಇವುಗಳಲ್ಲಿ ಬಾಗಿಲು ಮುಚ್ಚುವ ಪರೀಕ್ಷೆ ಯಾವುದು, ತೂಕ ಹೆಚ್ಚುಕಮ್ಮಿ ಮಾಡುವ ಪರೀಕ್ಷೆ ಯಾವುದು ಎಂದು ಬೇರ್ಪಡಿಸಿ ನೋಡಬೇಕು. ರಕ್ತದ ಗುಂಪು ಮತ್ತು ಕ್ರಾಸ್‌ಮ್ಯಾಚ್ ಸಾಮಾನ್ಯವಾಗಿ ಬಾಗಿಲು ಮುಚ್ಚುವಂಥವು (ಗುಂಪು ಹೊಂದದಿದ್ದಾಗಿನ ದಾರಿಗಳು ಮುಂದೆ ಬರುತ್ತವೆ). ಎಚ್‌ಎಲ್‌ಎ ಅಂಕಿ ತೂಕದ್ದು. ಮದುವೆಗೆ ಕುಂಡಲಿ ತಂದು ಮೂವತ್ತಾರರಲ್ಲಿ ಎಷ್ಟು ಗುಣ ಕೂಡಿತು ಎಂದು ನೋಡಿದ ಹಾಗೆ ನಮ್ಮವರು ಆರರಲ್ಲಿ ಎಷ್ಟು ಎಂದು ಎಣಿಸುತ್ತಾರೆ, ಕಡಿಮೆ ಬಂದರೆ ಸಂಬಂಧವನ್ನೇ ಬಿಡುತ್ತಾರೆ. 1960ರ ದಶಕದಲ್ಲಾಗಿದ್ದರೆ ಆ ಲೆಕ್ಕಕ್ಕೆ ಒಂದು ಅರ್ಥವಿತ್ತು. ದೇಹ ಹೊಸ ಕಿಡ್ನಿಯ ಮೇಲೆ ಎರಗದಂತೆ ತಡೆಯುವ ಸೈಕ್ಲೊಸ್ಪೋರಿನ್, ಆಮೇಲೆ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್ ಔಷಧಗಳು ಬಂದ ಮೇಲೆ ಅಂಕಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಆರೋಗ್ಯವಂತ ದಾನಿಯನ್ನು ಬಿಡುವುದು ತಪ್ಪು.

ಅಣ್ಣತಮ್ಮಂದಿರು, ಅಕ್ಕತಂಗಿಯರು

ಅಪ್ಪನಲ್ಲಿ ಎರಡು ಕಂತೆ ಗುರುತುಗಳಿವೆ, ಅವ್ವನಲ್ಲಿ ಎರಡು. ಪ್ರತಿ ಮಗುವಿಗೂ ಅಪ್ಪನಿಂದ ಒಂದು ಕಂತೆ, ಅವ್ವನಿಂದ ಒಂದು ಕಂತೆ. ಹಾಗಾಗಿ ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಎರಡು, ಏನೂ ಹೊಂದದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. "ಒಂದ ಹೊಟ್ಟ್ಯಾಗ ಹುಟ್ಟ್ಯಾರ, ಹೊಂದಲೇಬೇಕು" ಎಂಬ ಮಾತಿಗೆ ಆಧಾರವಿಲ್ಲ. ಆದರೆ ದೊಡ್ಡ ಸಂಸಾರಗಳಿಗೆ ಇಲ್ಲೊಂದು ಅನುಕೂಲವಿದೆ. ಇಬ್ಬರು ಒಡಹುಟ್ಟಿದವರಿದ್ದರೆ ಅವರಲ್ಲಿ ಒಬ್ಬರಾದರೂ ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 44, ಮೂವರಿದ್ದರೆ 58, ನಾಲ್ವರಿದ್ದರೆ 68. ಆದ್ದರಿಂದ ಹಿರಿಯಣ್ಣನೊಬ್ಬನ ಪರೀಕ್ಷೆ ಮಾಡಿಸಿ ಕೈಬಿಡಬೇಡಿ. ಮನಸ್ಸಿರುವ ಎಲ್ಲರ ರಕ್ತದ ಗುಂಪನ್ನೂ ನೋಡಿಸಿ.

6/6 ಹೊಂದಿದ ಆರೋಗ್ಯವಂತ ತಮ್ಮನೋ ತಂಗಿಯೋ ಸಿಕ್ಕರೆ ಅದಕ್ಕಿಂತ ಒಳ್ಳೆಯದು ತದ್ರೂಪಿ ಅವಳಿ ಮಾತ್ರ. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದೂ ಅಂಥ ಅವಳಿಗಳ ನಡುವೆಯೇ. 1954ರ ಡಿಸೆಂಬರ್ 23ರಂದು ಬೋಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಅದನ್ನು ಮಾಡಿದರು. ಪೂರ್ತಿ ಹೊಂದಿದ ಕಿಡ್ನಿ ಹೆಚ್ಚು ವರ್ಷ ಬಾಳುತ್ತದೆ, ದೇಹ ಅದನ್ನು ತಿರಸ್ಕರಿಸುವ ಪ್ರಸಂಗಗಳು ಕಡಿಮೆ, ಔಷಧದ ಪ್ರಮಾಣವನ್ನೂ ವೈದ್ಯರು ಕಡಿಮೆ ಇಡಬಲ್ಲರು. ಈ ಲಾಭ ನಿಜ. ನಾನು ಅಂಕಿಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ.

ಒಡಹುಟ್ಟಿದವರ ವಿಷಯದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ರೋಗವೇ ಮನೆತನದ್ದೋ ಎಂಬುದನ್ನು. ರೋಗಿಗೆ ಕಿಡ್ನಿಯಲ್ಲಿ ನೀರುಗುಳ್ಳೆ ತುಂಬುವ ಪಾಲಿಸಿಸ್ಟಿಕ್ ಕಾಯಿಲೆಯಿದ್ದರೆ ಒಡಹುಟ್ಟಿದವರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಚಿಕ್ಕ ವಯಸ್ಸಿನ ದಾನಿಯ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಇನ್ನೂ ಕಾಣದೆಯೂ ಇರಬಹುದು. ಕಿವಿ ಮಂದವಾಗಿ, ಮೂತ್ರದಲ್ಲಿ ರಕ್ತ ಹೋಗಿ, ಇಪ್ಪತ್ತರ ಆಸುಪಾಸಿನಲ್ಲೇ ಕಿಡ್ನಿ ಸೋತಿದ್ದರೆ ಆಲ್‌ಪೋರ್ಟ್ ಕಾಯಿಲೆಯ ಅನುಮಾನ ಬರಬೇಕು. ಸಕ್ಕರೆ, ಬಿಪಿ ಯಾವುದೂ ಇಲ್ಲದೆ ಎಳೆಯ ವಯಸ್ಸಿನಲ್ಲಿ ಕಿಡ್ನಿ ಹೋದವರ ಮನೆಯಲ್ಲಿ "ಕಾರಣ ಏನು?" ಎಂಬ ಪ್ರಶ್ನೆಗೆ ಉತ್ತರ ಹುಡುಕಿಯೇ ಒಡಹುಟ್ಟಿದವರ ಕಿಡ್ನಿಗೆ ಕೈ ಚಾಚಬೇಕು.

ತಂದೆ ತಾಯಿ

ಮಗುವಿಗೆ ಅರ್ಧ ಕೊಟ್ಟವರು ಅವರೇ ಆದ್ದರಿಂದ ತಂದೆ ತಾಯಿಯ ಎಚ್‌ಎಲ್‌ಎ ಕನಿಷ್ಠ ಅರ್ಧ ಹೊಂದಿಯೇ ಇರುತ್ತದೆ. ಇಲ್ಲಿ ಅಚ್ಚರಿಗೆ ಜಾಗ ಕಡಿಮೆ. ಪ್ರಶ್ನೆ ಇರುವುದು ವಯಸ್ಸಿನದು. ದಾನಿಯ ಕಿಡ್ನಿ ಎಷ್ಟು ಸೋಸುತ್ತದೆ ಎಂಬುದನ್ನು ಡಿಟಿಪಿಎ ಸ್ಕ್ಯಾನ್‌ನಲ್ಲಿ ಎಡ ಬಲ ಬೇರೆಬೇರೆಯಾಗಿ ಅಳೆಯುತ್ತಾರೆ. ವಯಸ್ಸಾದಂತೆ ಆ ಶಕ್ತಿ ಇಳಿಯುತ್ತದೆ. ಎರಡರಲ್ಲಿ ಚೆನ್ನಾಗಿರುವುದನ್ನು ದಾನಿಗೇ ಬಿಡುವುದು ನಿಯಮ.

ಹದಿನೆಂಟು, ಇಪ್ಪತ್ತರ ವಯಸ್ಸಿನ ರೋಗಿಗಳ ಮಟ್ಟಿಗೆ ಮಾತ್ರ ತಾಯಿ ತಂದೆಯೇ ಮೊದಲ ಆಯ್ಕೆ ಎಂದು ನಾನು ಹೇಳುತ್ತೇನೆ. ಕಾರಣ, ಕಸಿ ಮಾಡಿದ ಕಿಡ್ನಿ ಜೀವನಪರ್ಯಂತ ಬಾಳುವ ಭರವಸೆ ಇಲ್ಲ. ಇಪ್ಪತ್ತರ ಹುಡುಗನಿಗೆ ಮುಂದೊಂದು ದಿನ ಎರಡನೆಯದು ಬೇಕಾಗಬಹುದು. ಈಗ ತಾಯಿ ಕೊಟ್ಟು, ತಂಗಿಯನ್ನು ಮುಂದಕ್ಕೆ ಉಳಿಸಿಕೊಂಡರೆ ಎರಡು ಅವಕಾಶ. ತಂಗಿಯದು ಮೊದಲು ತೆಗೆದರೆ, ಅದು ಸೋಲುವ ಹೊತ್ತಿಗೆ ತಾಯಿಗೆ ವಯಸ್ಸು ಮೀರಿರುತ್ತದೆ. ಎಚ್‌ಎಲ್‌ಎ ಅಂಕಿಗೆ ಹೆಚ್ಚಿನ ಬೆಲೆ ಕೊಡಬೇಕಾದದ್ದೂ ಇಂಥ ಎಳೆಯ ರೋಗಿಗಳಲ್ಲೇ. ಮೊದಲ ಕಿಡ್ನಿಯಲ್ಲಿ ಹೊಂದದ ಗುರುತುಗಳ ವಿರುದ್ಧ ದೇಹ ಆಂಟಿಬಾಡಿ ಬೆಳೆಸಿಕೊಂಡರೆ ಎರಡನೆಯ ದಾನಿ ಸಿಗುವುದು ಕಷ್ಟ. ಮೂರರಲ್ಲಿ ಡಿಆರ್ ಹೊಂದಿದೆಯೇ ಎಂದು ವಿಶೇಷವಾಗಿ ಕೇಳಿ.

ಗಂಡ ಹೆಂಡತಿ, ಮತ್ತು ನಮ್ಮ ಕಡೆಯ ಒಳಸಂಬಂಧ

1995ರಲ್ಲಿ ತೆರಾಸಾಕಿ ಮತ್ತು ಸಂಗಡಿಗರು ಅಮೆರಿಕದ ದಾಖಲೆಗಳನ್ನು ಗುಡ್ಡೆ ಹಾಕಿ ನೋಡಿದರು. ಮೂರು ವರ್ಷದ ನಂತರವೂ ಕೆಲಸ ಮಾಡುತ್ತಿದ್ದ ಕಿಡ್ನಿಗಳು: ಗಂಡ ಅಥವಾ ಹೆಂಡತಿ ಕೊಟ್ಟದ್ದು ನೂರಕ್ಕೆ 85, ತಂದೆ ತಾಯಿ ಕೊಟ್ಟದ್ದು 82, ಮೃತ ದಾನಿಗಳದ್ದು 70. ಗಂಡ ಹೆಂಡಿರ ನಡುವೆ ಎಚ್‌ಎಲ್‌ಎ ಹೊಂದಾಣಿಕೆ ಹೇಳಿಕೊಳ್ಳುವಷ್ಟಿರಲಿಲ್ಲ. ಆದರೂ ಅರ್ಧ ಹೊಂದಿದ ತಂದೆತಾಯಿಯ ಕಿಡ್ನಿಯಷ್ಟೇ ಚೆನ್ನಾಗಿ ಬಾಳಿತು. ಆರೋಗ್ಯವಂತರ ದೇಹದಿಂದ ತೆಗೆದು, ಪಕ್ಕದ ಥಿಯೇಟರಿನಲ್ಲೇ ಹೆಚ್ಚು ಹೊತ್ತು ಕಾಯಿಸದೆ ಜೋಡಿಸಿದ ಕಿಡ್ನಿ ಎಂಬುದೇ ಅಂಕಿಗಿಂತ ದೊಡ್ಡ ಬಲ. "ಹೆಂಡ್ತಿ ಹೊರಗಿನಾಕಿ" ಎನ್ನುವ ಹಿರಿಯರಿಗೆ ನಾನು ಈ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಇದರ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಇನ್ನೊಂದು ಎಳೆಯಿದೆ. ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಂಡ ಮನೆಗಳು ಬಹಳ. ಹಾಗೆ ಮದುವೆಯಾದ ಹೆಂಡತಿ ಎಚ್‌ಎಲ್‌ಎ ಲೆಕ್ಕದಲ್ಲಿಯೂ ಹೊರಗಿನವಳಲ್ಲ. ಅಕ್ಕನ ಮಗಳಾಗಿದ್ದರೆ ಇಬ್ಬರ ನಡುವೆ ಒಂದು ಕಂತೆ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ಮಾವನ ಅಥವಾ ಅತ್ತೆಯ ಮಗಳಾಗಿದ್ದರೆ ನಾಲ್ಕರಲ್ಲಿ ಒಂದು. ತಲೆಮಾರುಗಳಿಂದ ಒಳಸಂಬಂಧ ನಡೆದುಬಂದಿದ್ದರೆ ಇನ್ನೂ ಹೆಚ್ಚು. ಅಂಥ ಮನೆಗಳಲ್ಲಿ ತಾಯಿಯೇ ಮಗನಿಗೆ ಪೂರ್ತಿ ಹೊಂದಿದ್ದೂ ಆಗಬಹುದು, ಏಕೆಂದರೆ ಅಪ್ಪನಿಂದ ಬಂದ ಕಂತೆಯೂ ಅವ್ವನಲ್ಲಿರುವ ಇನ್ನೊಂದು ಕಂತೆಯೂ ಒಂದೇ ಮೂಲದ್ದಾಗಿರಬಹುದು.

ಇದೇ ಎಳೆಗೆ ಮುಳ್ಳೂ ಇದೆ. ಒಳಸಂಬಂಧದ ಮನೆಗಳಲ್ಲಿ ಅಡಗಿ ಬರುವ ಕಿಡ್ನಿ ಕಾಯಿಲೆಗಳು ಮೇಲೆ ಬರುವ ಸಾಧ್ಯತೆ ಹೆಚ್ಚು. ಸಂಬಂಧಿಯೇ ಹೆಂಡತಿಯಾದಾಗ, ಒಡಹುಟ್ಟಿದವರ ಬಗ್ಗೆ ಹೇಳಿದ ಎಚ್ಚರಿಕೆ ಆಕೆಗೂ ಅನ್ವಯಿಸುತ್ತದೆ. ನೆಫ್ರಾಲಜಿಸ್ಟ್ "ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದರೆ ಮುಜುಗರ ಪಡದೆ ಸರಿಯಾಗಿ ಬಿಡಿಸಿ ಹೇಳಿ. ಅದು ದಾನಿಯ ಜೀವದ ಪ್ರಶ್ನೆ.

ಈಗ ರೋಗಿ ಹೆಂಗಸಾಗಿದ್ದರೆ? ಇಲ್ಲಿ ಹೋಲಿಕೆ ಪೂರ್ತಿ ಬದಲಾಗುತ್ತದೆ. ಬಸಿರಿನಲ್ಲಿ ಮಗುವಿನ ಮೂಲಕ ಗಂಡನ ಗುರುತುಗಳು ಆಕೆಯ ದೇಹಕ್ಕೆ ಪರಿಚಯವಾಗಿರುತ್ತವೆ. ಆಕೆಯ ರಕ್ಷಣಾ ವ್ಯವಸ್ಥೆ ಅವುಗಳ ವಿರುದ್ಧ ಆಂಟಿಬಾಡಿ ಬೆಳೆಸಿಕೊಂಡಿರಬಹುದು. ಮೂರು ನಾಲ್ಕು ಹೆರಿಗೆಯಾದವರಲ್ಲಿ ಇದು ಇನ್ನೂ ಹೆಚ್ಚು, ಗರ್ಭ ಇಳಿದದ್ದೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಗಂಡನ ಕಿಡ್ನಿಗೂ, ಮಕ್ಕಳ ಕಿಡ್ನಿಗೂ ಕ್ರಾಸ್‌ಮ್ಯಾಚ್ ಪಾಸಿಟಿವ್ ಬರುವ ಅಪಾಯವಿದೆ. ಆಕೆಯ ತವರಿನ ಕಡೆ, ತಾಯಿ, ಅಣ್ಣ, ತಂಗಿಯರತ್ತ ಮೊದಲು ನೋಡುವುದು ಜಾಣತನ. ಆದರೆ ನಾನು ಕಂಡ ಹಾಗೆ ಹೆಂಗಸು ರೋಗಿಯಾದಾಗ ತವರಿನವರನ್ನು ಕೇಳುವುದಕ್ಕೇ ಗಂಡನ ಮನೆಯವರು ಹಿಂಜರಿಯುತ್ತಾರೆ. ದೇಶದಲ್ಲಿ ಕಿಡ್ನಿ ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಈ ಅನ್ಯಾಯವನ್ನು ಹೋಲಿಕೆಯ ಹೆಸರಿನಲ್ಲಿ ಮುಚ್ಚಿಡಲು ನನ್ನಿಂದಾಗುವುದಿಲ್ಲ. ಅಣ್ಣ ತಮ್ಮ ಗಟ್ಟಿಮುಟ್ಟಾಗಿರುವಾಗ "ಹೆಂಡತಿ ಕೊಡಲಿ" ಎಂದು ಕೂತವರಿಗೆ ನೇರವಾಗಿಯೇ ಕೇಳಬೇಕು. ಮುಂದೆ ಮಕ್ಕಳಾಗಬೇಕಾದ ಚಿಕ್ಕ ವಯಸ್ಸಿನ ಹೆಂಗಸು ದಾನಿಯಾದರೆ, ಆಮೇಲಿನ ಬಸಿರಿನಲ್ಲಿ ಬಿಪಿ ಏರುವ ಅಪಾಯ ಸ್ವಲ್ಪ ಹೆಚ್ಚುತ್ತದೆ ಎಂಬುದನ್ನೂ ಆಕೆಗೆ ಮೊದಲೇ ತಿಳಿಸಬೇಕು.

ಒಂದು ಮನೆ ಇಟ್ಟುಕೊಂಡು ನೋಡೋಣ

ಸಿಂಧನೂರು ಕಡೆಯ ಒಂದು ಮನೆ ಕಲ್ಪಿಸಿಕೊಳ್ಳಿ. ರೋಗಿ 38ರ ಗಂಡಸು, ರಕ್ತ ಬಿ. ತಾಯಿಗೆ 63, ರಕ್ತ ಓ, ಎರಡು ಬಗೆಯ ಬಿಪಿ ಮಾತ್ರೆ. ತಮ್ಮನಿಗೆ 35, ರಕ್ತ ಬಿ, ಎಚ್‌ಎಲ್‌ಎ 6/6, ಆದರೆ ಸಕ್ಕರೆ ಕಾಯಿಲೆ. ಅಕ್ಕನಿಗೆ 44, ರಕ್ತ ಎ. ಹೆಂಡತಿಗೆ 33, ರಕ್ತ ಓ, ಆರೋಗ್ಯ ಚೆನ್ನಾಗಿದೆ, ಎಚ್‌ಎಲ್‌ಎ 1/6.

ಅಂಕಿ ಹಿಡಿದು ಕೂತವರು ತಮ್ಮನನ್ನು ಆರಿಸುತ್ತಾರೆ. ಸಕ್ಕರೆ ಇರುವ 35ರ ಮನುಷ್ಯನಿಗೆ ಒಂದೇ ಕಿಡ್ನಿ ಉಳಿಸಿದರೆ ಹತ್ತು ಹದಿನೈದು ವರ್ಷದಲ್ಲಿ ಆ ಮನೆಯಿಂದ ಇನ್ನೊಬ್ಬರು ಡಯಾಲಿಸಿಸ್‌ಗೆ ಬರಬಹುದು. ಯಾವ ಒಳ್ಳೆಯ ಆಸ್ಪತ್ರೆಯೂ ಒಪ್ಪುವುದಿಲ್ಲ. ತಾಯಿಯ ಬಿಪಿಯೂ ಹಾಗೆಯೇ ಅಡ್ಡ ಬರುತ್ತದೆ. ಅಕ್ಕನ ರಕ್ತದ ಗುಂಪು ಹೊಂದುವುದಿಲ್ಲ. ಹೆಂಡತಿ ಉಳಿದಳು. ಆಕೆಯ ಇಷ್ಟ, ಆಕೆಯ ಪರೀಕ್ಷೆಗಳು, ಕ್ರಾಸ್‌ಮ್ಯಾಚ್ ನೆಗೆಟಿವ್, ಇಷ್ಟು ಸರಿಯಿದ್ದರೆ 1/6 ಎಂಬುದು ದಾರಿಗೆ ಅಡ್ಡವಲ್ಲ. ಆಕೆಗೆ ಇಷ್ಟವಿಲ್ಲದಿದ್ದರೆ ಅಲ್ಲಿಗೆ ನಿಲ್ಲಬೇಕು. ದಾನಿ ಒಬ್ಬಂಟಿಯಾಗಿ ವೈದ್ಯರ ಬಳಿ "ನನಗೆ ಮನಸ್ಸಿಲ್ಲ" ಎಂದರೆ, ಮನೆಯವರಿಗೆ "ವೈದ್ಯಕೀಯವಾಗಿ ಆಗುವುದಿಲ್ಲ" ಎಂದಷ್ಟೇ ಹೇಳಿ ಆಕೆಯನ್ನು ಕಾಪಾಡುವ ಪದ್ಧತಿ ಒಳ್ಳೆಯ ಕೇಂದ್ರಗಳಲ್ಲಿದೆ. ದಾನಿ ಹೆಂಗಸಾಗಿದ್ದಾಗ ಆಕೆಯ ಸ್ವತಂತ್ರ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರು ಖಚಿತಪಡಿಸಬೇಕೆಂದು ಅಂಗಾಂಗ ಕಸಿಯ 2014ರ ನಿಯಮಗಳೇ ಹೇಳುತ್ತವೆ.

ರಕ್ತದ ಗುಂಪು, ಕ್ರಿಯೇಟಿನಿನ್, ಮೂತ್ರದಲ್ಲಿ ಪ್ರೋಟೀನ್, ಸಕ್ಕರೆ, ಬಿಪಿ, ಹೊಟ್ಟೆಯ ಸ್ಕ್ಯಾನಿಂಗ್, ಇಷ್ಟನ್ನು ರಾಯಚೂರಿನ ರಿಮ್ಸ್‌ನಲ್ಲೋ, ಬಳ್ಳಾರಿ, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೋ ಮಾಡಿಸಿಕೊಳ್ಳಬಹುದು. ನಾಲ್ವರು ದಾನಿಗಳಲ್ಲಿ ಮೂವರ ಪ್ರಶ್ನೆ ಇಲ್ಲೇ ತೀರಿಹೋಗುತ್ತದೆ. ದೂರದ ಊರಿಗೆ ಹೊರಡುವುದು ಉಳಿದವರ ಎಚ್‌ಎಲ್‌ಎ, ಕ್ರಾಸ್‌ಮ್ಯಾಚ್, ಕಿಡ್ನಿಯ ರಕ್ತನಾಳ ನೋಡುವ ಸಿಟಿ ಆಂಜಿಯೋಗ್ರಾಂಗಳಿಗೆ ಮಾತ್ರ ಇರಲಿ.

ರಕ್ತ ಹಾಕಿಸುವ ಮೊದಲು

ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಡಯಾಲಿಸಿಸ್ ರೋಗಿಗಳಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ, ಏಕೆಂದರೆ ರಕ್ತ ತಯಾರಿಸಲು ಸೂಚನೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಬರುವುದೇ ಕಿಡ್ನಿಯಿಂದ. ಎರಡು ದಾರಿಗಳಿವೆ. ಒಂದು, ಆ ಹಾರ್ಮೋನಿನ ಇಂಜೆಕ್ಷನ್ ಮತ್ತು ಕಬ್ಬಿಣಾಂಶ. ಇನ್ನೊಂದು, ಬಾಟಲಿ ರಕ್ತ. ರಕ್ತ ತಕ್ಷಣ ಬಲ ಕೊಡುತ್ತದೆ, ಆದರೆ ಅದರೊಳಗಿನ ಬೇರೆಯವರ ಬಿಳಿ ಕಣಗಳು ರೋಗಿಯಲ್ಲಿ ಎಚ್‌ಎಲ್‌ಎ ವಿರೋಧಿ ಆಂಟಿಬಾಡಿ ಹುಟ್ಟಿಸಬಲ್ಲವು. ಬಸಿರು, ರಕ್ತ, ಹಿಂದಿನ ಕಸಿ, ಕ್ರಾಸ್‌ಮ್ಯಾಚ್ ಕೆಡಿಸುವ ಮುಖ್ಯ ಮೂಲಗಳು ಈ ಮೂರು. ಕಸಿಯ ಆಲೋಚನೆ ಇರುವ ಪ್ರತಿಯೊಬ್ಬ ರೋಗಿಯೂ ಡಯಾಲಿಸಿಸ್ ಕೇಂದ್ರದಲ್ಲಿ "ನಾವು ಕಸಿಗೆ ಹೋಗುವವರು, ಇಂಜೆಕ್ಷನ್‌ನಿಂದ ಸಾಗುವಷ್ಟು ದಿನ ರಕ್ತ ಬೇಡ" ಎಂದು ಹೇಳಿಡಬೇಕು. ಜೀವ ಉಳಿಸಲು ರಕ್ತ ಬೇಕೇ ಬೇಕಾದರೆ ಹಾಕಿಸಲೇಬೇಕು, ಆಗ ಬಿಳಿ ಕಣ ಸೋಸಿದ ರಕ್ತ ಕೇಳಿ. ಮನೆಯವರಲ್ಲೇ ದಾನಿಯಾಗಬಹುದಾದವರ ರಕ್ತವನ್ನಂತೂ ರೋಗಿಗೆ ಹಾಕಿಸಲೇಬೇಡಿ. ಹಾಕಿಸಿದ ದಿನಾಂಕ ಬರೆದಿಡಿ. ಆಂಟಿಬಾಡಿ ತಲೆಯೆತ್ತಲು ಎರಡರಿಂದ ನಾಲ್ಕು ವಾರ ಬೇಕು, ಆದ್ದರಿಂದ ರಕ್ತ ಹಾಕಿಸುವ ಮೊದಲಿನ ಕ್ರಾಸ್‌ಮ್ಯಾಚ್ ನಂಬಿಕೊಂಡು ಆಪರೇಷನ್ನಿಗೆ ಹೋಗುವಂತಿಲ್ಲ.

ಹಳೆಯ ಸಿಡಿಸಿ ಕ್ರಾಸ್‌ಮ್ಯಾಚ್ (ಮೇಲೆ ಹೇಳಿದ, ಕಣಗಳು ಸಾಯುತ್ತವೆಯೇ ಎಂದು ನೋಡುವ ಪರೀಕ್ಷೆ) ಒಂದೇ ಸಾಕೇ, ಕಡಿಮೆ ಆಂಟಿಬಾಡಿಯನ್ನೂ ಹಿಡಿಯುವ ಫ್ಲೋ ಕ್ರಾಸ್‌ಮ್ಯಾಚ್, ಲುಮಿನೆಕ್ಸ್ ಬೇಕೇ ಎಂಬ ಪ್ರಶ್ನೆ ದುಡ್ಡಿನ ಕಾರಣಕ್ಕೆ ಬರುತ್ತದೆ. ಸಿಡಿಸಿ ಒರಟು ಜರಡಿ, ಹೆಚ್ಚು ಪ್ರಮಾಣದಲ್ಲಿರುವ ಆಂಟಿಬಾಡಿ ಮಾತ್ರ ಹಿಡಿಯುತ್ತದೆ. ಎಂದೂ ರಕ್ತ ಹಾಕಿಸಿಕೊಳ್ಳದ, ಮೊದಲ ಕಸಿಗೆ ಹೋಗುವ ಗಂಡಸಿಗೆ ಯಾವುದು ಸಾಕೆಂದು ವೈದ್ಯರು ಹೇಳಲಿ. ಹೆರಿಗೆಯಾದ ಹೆಂಗಸು, ಪದೇಪದೇ ರಕ್ತ ಹಾಕಿಸಿಕೊಂಡವರು, ಎರಡನೆಯ ಕಸಿಗೆ ಹೋಗುವವರು ಇಲ್ಲಿ ದುಡ್ಡು ಉಳಿಸಬಾರದು.

ಗುಂಪು ಹೊಂದದಿದ್ದರೆ: ಅದಲುಬದಲು, ಅಥವಾ ಗುಂಪು ಮೀರಿದ ಕಸಿ

ನಿಮ್ಮ ಮನೆಯ ದಾನಿ ಎ, ರೋಗಿ ಬಿ. ಇನ್ನೊಂದು ಮನೆಯಲ್ಲಿ ದಾನಿ ಬಿ, ರೋಗಿ ಎ. ಕಿಡ್ನಿ ಅದಲುಬದಲಾದರೆ ಎರಡೂ ಮನೆಗೆ ಒಳ್ಳೆಯದು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ಇದನ್ನು ಕಾನೂನಿನೊಳಗೆ ತಂದಿದೆ. ಪ್ರತಿ ಜೋಡಿಯಲ್ಲೂ ದಾನಿ ಮತ್ತು ರೋಗಿ ತಮ್ಮತಮ್ಮಲ್ಲಿ ಹತ್ತಿರದ ಸಂಬಂಧಿಗಳಾಗಿರಬೇಕು. ನಾಲ್ಕು ಆಪರೇಷನ್ ಒಂದೇ ಹೊತ್ತಿಗೆ ಮಾಡುತ್ತಾರೆ, ಒಬ್ಬರು ಪಡೆದು ಇನ್ನೊಬ್ಬರು ಹಿಂದೆ ಸರಿಯದಿರಲಿ ಎಂದು. ಎ ಮತ್ತು ಬಿ ಜೋಡಿಗಳಿಗೆ ಇದು ಅತ್ಯುತ್ತಮ ದಾರಿ. ರೋಗಿ ಓ ಆಗಿದ್ದರೆ ಜೊತೆ ಸಿಗುವುದು ಕಷ್ಟ, ಏಕೆಂದರೆ ಓ ದಾನಿ ಇರುವ ಮನೆಗೆ ಸಾಮಾನ್ಯವಾಗಿ ಅದಲುಬದಲಿನ ಅಗತ್ಯವೇ ಬೀಳುವುದಿಲ್ಲ.

ಗುಂಪು ಮೀರಿ ನೇರವಾಗಿ ಕಸಿ ಮಾಡುವುದೂ ಇದೆ. ಮೃತ ದಾನಿಗಳು ತೀರಾ ಕಡಿಮೆಯಿದ್ದ ಜಪಾನ್ 1980ರ ದಶಕದಿಂದ ಇದನ್ನು ಬೆಳೆಸಿತು. ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಟ್ಟು, ಪ್ಲಾಸ್ಮಾ ಬದಲಿಸಿ, ಗುಂಪಿನ ವಿರುದ್ಧದ ಆಂಟಿಬಾಡಿ ಮಟ್ಟ ಇಳಿಸಿ ಆಮೇಲೆ ಆಪರೇಷನ್. ಫಲಿತಾಂಶ ಚೆನ್ನಾಗಿದೆ, ಆದರೆ ಖರ್ಚು ಬಹಳ ಏರುತ್ತದೆ, ಸೋಂಕಿನ ಅಪಾಯವೂ. ನಾನು ಮೊದಲು ಅದಲುಬದಲಿಗೆ ಹೆಸರು ಕೊಟ್ಟು, ಜೊತೆ ಸಿಗದಿದ್ದರೆ ಮಾತ್ರ ಇದನ್ನು ನೋಡಿ ಎನ್ನುತ್ತೇನೆ. ಹೊಲ ಮಾರಿ ಆಪರೇಷನ್ ಮಾಡಿಸಿ, ಆಮೇಲೆ ತಿಂಗಳ ಔಷಧಕ್ಕೆ ದುಡ್ಡಿಲ್ಲದೆ ಮಾತ್ರೆ ಬಿಟ್ಟರೆ, ಎಷ್ಟೇ ಹೊಂದಿದ ಕಿಡ್ನಿಯಾದರೂ ಉಳಿಯುವುದಿಲ್ಲ.

ಕಾನೂನಿನ ಕಣ್ಣಲ್ಲಿ ಹತ್ತಿರದವರು ಯಾರು

ಗಂಡ, ಹೆಂಡತಿ, ಮಗ, ಮಗಳು, ತಂದೆ, ತಾಯಿ, ಸಹೋದರ, ಸಹೋದರಿ, ಅಜ್ಜ, ಅಜ್ಜಿ, ಮೊಮ್ಮಗ, ಮೊಮ್ಮಗಳು. ಇಷ್ಟೇ. ನಮ್ಮಲ್ಲಿ ತಂದೆಗಿಂತ ಹತ್ತಿರದವನೆನಿಸುವ ಸೋದರಮಾವ ಈ ಪಟ್ಟಿಯಲ್ಲಿಲ್ಲ. ಚಿಕ್ಕಪ್ಪನೂ ಇಲ್ಲ, ಭಾವ ಮೈದುನ, ಸೊಸೆ, ಅಳಿಯ ಯಾರೂ ಇಲ್ಲ. ಅವರು ಕೊಡಬಾರದೆಂದಲ್ಲ. ದುಡ್ಡಿನ ವ್ಯವಹಾರವಿಲ್ಲ, ಪ್ರೀತಿಯಿಂದಲೇ ಕೊಡುತ್ತಿದ್ದಾರೆ ಎಂದು ಅಧಿಕೃತ ಸಮಿತಿಯ ಮುಂದೆ ತೋರಿಸಿ ಅನುಮತಿ ಪಡೆಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಇಬ್ಬರು ದಾನಿಗಳು ಆರೋಗ್ಯದಲ್ಲಿ ಸಮಸಮ ಇದ್ದು, ಒಬ್ಬ ಅಣ್ಣ, ಇನ್ನೊಬ್ಬ ಮಾವನಾಗಿದ್ದರೆ, ಎಚ್‌ಎಲ್‌ಎ ಒಂದೆರಡು ಹೆಚ್ಚುಕಮ್ಮಿ ಇದ್ದರೂ ಅಣ್ಣನ ದಾರಿಯೇ ಸಲೀಸು. ಕಿಡ್ನಿ ಮಾರಿದರೆ, ಕೊಂಡರೆ, ನಡುವೆ ದಲ್ಲಾಳಿಯಾದರೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.

ಹಳ್ಳಿಗಳಲ್ಲಿ ಮದುವೆ ನೋಂದಣಿ ಆಗಿರುವುದು ಕಡಿಮೆ. ಗಂಡ ಹೆಂಡತಿ ಜೋಡಿಯಾದರೆ ಅದನ್ನು ಮೊದಲೇ ಮಾಡಿಸಿ, ಮದುವೆ ಫೋಟೋ, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ ಜೋಡಿಸಿಡಿ. ಹೈದರಾಬಾದಿನಲ್ಲಿ ಕಸಿಯಾದರೆ ಹೊರರಾಜ್ಯದವರೆಂದು ತಹಶೀಲ್ದಾರರ ವಾಸ ದೃಢೀಕರಣ ಕೇಳಬಹುದು. ಬಿಪಿಎಲ್ ಕುಟುಂಬಗಳಿಗೆ ರಾಜ್ಯದಲ್ಲಿ ಅಂಗಾಂಗ ಕಸಿಗೆ ಸರ್ಕಾರದ ನೆರವಿನ ಯೋಜನೆಯಿದೆ. ಯಾವ ಆಸ್ಪತ್ರೆ ಅದರಡಿ ಬರುತ್ತದೆ ಎಂದು ಕೇಳಿಯೇ ಊರು ಆರಿಸಿ. ರಾಯಚೂರಿಗೆ ಹೈದರಾಬಾದ್ ಹತ್ತಿರ ನಿಜ, ಆದರೆ ಕಸಿಯ ನಂತರದ ಮೊದಲ ತಿಂಗಳುಗಳಲ್ಲಿ ವಾರವಾರವೂ ಹೋಗಿ ಬರಬೇಕು, ಆ ಖರ್ಚಿನ ಲೆಕ್ಕ ಬೇರೆ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಟ್ಟಿ

ಮಿದುಳು ಸತ್ತವರಿಂದ ಬರುವ ಕಿಡ್ನಿಗೆ ನೀವು ಆರಿಸಿದ ಕಸಿ ಆಸ್ಪತ್ರೆಯ ಮೂಲಕವೇ ಹೆಸರು ಬರೆಸಬೇಕು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ'. 2023ರಲ್ಲಿ ಕೇಂದ್ರ ಸರ್ಕಾರ 65ರ ವಯಸ್ಸಿನ ಮಿತಿ ಮತ್ತು ಅದೇ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತು ತೆಗೆಯಿತು. ಇಲ್ಲಿ ರಕ್ತದ ಗುಂಪು ಮತ್ತು ಎಷ್ಟು ದಿನದಿಂದ ಕಾಯುತ್ತಿದ್ದೀರಿ ಎಂಬುದೇ ಮುಖ್ಯ. ಕಾಯುವುದು ವರ್ಷಗಳ ಮಾತು. ಮನೆಯಲ್ಲಿ ದಾನಿಯ ಪರೀಕ್ಷೆ ನಡೆಯುತ್ತಿದ್ದರೂ ಮೊದಲೇ ಹೆಸರು ಬರೆಸಿದರೆ ನಷ್ಟವಿಲ್ಲ.

ಕರೆ ಬಂದಾಗ ಸಮಯವೇ ಎಲ್ಲ. ಹಿಮದ ಪೆಟ್ಟಿಗೆಯಲ್ಲಿಟ್ಟ ಕಿಡ್ನಿ ಒಂದು ದಿನದ ಸುಮಾರು ತಡೆದೀತು, ಆದರೆ ಪ್ರತಿ ಗಂಟೆಯೂ ಅದರ ಬಲ ಇಳಿಯುತ್ತದೆ. ನಡುವೆ ಕೊನೆಯ ಕ್ರಾಸ್‌ಮ್ಯಾಚ್ ಆಗಬೇಕು, ರೋಗಿಗೆ ಡಯಾಲಿಸಿಸ್ ಬೇಕಾಗಬಹುದು. ರಾಯಚೂರಿನಿಂದ ಬೆಂಗಳೂರು 400 ಕಿಲೋಮೀಟರಿನಷ್ಟು ದೂರ. ರಾತ್ರಿ ರೈಲು ಕಾದು ಹೋಗುತ್ತೇನೆ ಅನ್ನುವ ಹಾಗಿಲ್ಲ. ಹೊರಡುವ ಗಾಡಿ ಯಾವುದು, ಓಡಿಸುವವರು ಯಾರು, ಜೊತೆಗೆ ಬರುವವರು ಯಾರು ಎಂಬುದು ಇಂದೇ ಗೊತ್ತಿರಬೇಕು. ಫೋನ್ ನಂಬರ್ ಬದಲಾದರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಹಲವು ಕೇಂದ್ರಗಳು ಪಟ್ಟಿಯಲ್ಲಿರುವವರ ಸೀರಂ ಮಾದರಿಯನ್ನು ಆಗಾಗ ಕೇಳುತ್ತವೆ, ತಪ್ಪಿಸದೆ ಕಳಿಸಿ. ನಡುವೆ ರಕ್ತ ಹಾಕಿಸಿಕೊಂಡಿದ್ದರೆ, ಒಂದೇ ಬಾಟಲಿಯಾದರೂ ಸರಿ, ದಿನಾಂಕ ಸಮೇತ ಆಸ್ಪತ್ರೆಯ ಕಸಿ ಕೋಆರ್ಡಿನೇಟರಿಗೆ ಹೇಳಿ. ಹಳೆಯ ಮಾದರಿಯಲ್ಲಿ ಕಾಣದ ಆಂಟಿಬಾಡಿ ಹೊಸ ಮಾದರಿಯಲ್ಲಿ ಕಾಣಿಸಬಹುದು, ಅದು ಥಿಯೇಟರಿನ ಬಾಗಿಲಲ್ಲಿ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಿರಬೇಕು.